ಮೇಷ್ಟ್ರ ಗ್ರಾಫ್ ಶೀಟ್‌ನಲ್ಲಿ ಸಿಇಎ

(ನಮ್ಮೂರ ಗ್ರಂಥಾಲಯದ ಮೇಲ್ಮಹಡಿಯಲ್ಲಿ ಒಂದು ಭಾನುವಾರ ಬೆಳಗ್ಗೆ ಮಾತಾಡಿದ್ದು. ಅಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿ ಬರೆದಿದ್ದೇನೆ. ಮೈಕ್ ಕೈಕೊಟ್ಟ ಹತ್ತು ನಿಮಿಷವನ್ನು ಬಿಟ್ಟಿದ್ದೇನೆ.)

ಮೊದಲೇ ಹೇಳಿಬಿಡುತ್ತೇನೆ, ನಾನು ಲ್ಯಾಬ್‌ನವನು. ಆಪರೇಷನ್ ಮಾಡುವವನಲ್ಲ, ಕೀಮೋ ಬರೆದುಕೊಡುವವನೂ ಅಲ್ಲ. ನಿಮ್ಮ ರಕ್ತ ಟ್ಯೂಬಿನಲ್ಲಿ ನನ್ನ ಹತ್ತಿರ ಬರುತ್ತದೆ. ನಾನು ಒಂದು ಸಂಖ್ಯೆ ಕೊಟ್ಟು ಕಳಿಸುತ್ತೇನೆ. ಆ ಸಂಖ್ಯೆ ನೋಡಿ ನಿದ್ದೆಗೆಡುವವರು ನೀವು. ಇವತ್ತು ಅದರ ಬಗ್ಗೆಯೇ ಮಾತಾಡೋಣ. ದೊಡ್ಡ ಕರುಳಿನ ಕ್ಯಾನ್ಸರ್ ಇತ್ತು, ಆಪರೇಷನ್ ಆಯಿತು, ಗಡ್ಡೆ ತೆಗೆದರು, ಮನೆಗೆ ಬಂದಾಯಿತು. ಅದು ಮತ್ತೆ ಬರುತ್ತಾ? ರಕ್ತ ನೋಡಿ ಮುಂಚೆಯೇ ಹೇಳಬಹುದಾ?

ನಮ್ಮ ಲ್ಯಾಬಿಗೆ ಬರುವ ಒಬ್ಬ ಮೇಷ್ಟ್ರಿದ್ದಾರೆ. ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತರಾದವರು. ಇಲ್ಲೇ ಹಿಂದಿನ ಸಾಲಿನಲ್ಲಿ ಕೂತಿದ್ದಾರೆ, ಅವರನ್ನು ಕೇಳಿಯೇ ಹೇಳುತ್ತಿದ್ದೇನೆ. ಬೇರೆಯವರು ರಿಪೋರ್ಟುಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ತುರುಕಿಕೊಂಡು ಬಂದರೆ ಇವರು ಒಂದು ಗ್ರಾಫ್ ಶೀಟ್ ಮಡಚಿಕೊಂಡು ಬರುತ್ತಾರೆ. ಅಡ್ಡಕ್ಕೆ ತಿಂಗಳು, ಉದ್ದಕ್ಕೆ ಸಿಇಎ, ಅಂದರೆ ಈ ಕಾಯಿಲೆಯವರ ರಕ್ತದಲ್ಲಿ ನಾವು ಅಳೆಯುವ ಒಂದು ಪ್ರೋಟೀನು. ಆಪರೇಷನ್ನಿಗೆ ಮುಂಚೆ 18.4. ಒಂದೂವರೆ ತಿಂಗಳಾದ ಮೇಲೆ 2.1. ಆಮೇಲೆ 1.9, 2.3, 2.0, 2.2. ಚುಕ್ಕಿಗಳನ್ನು ಪೆನ್ಸಿಲ್ಲಿನಲ್ಲಿ ಸೇರಿಸಿದ್ದಾರೆ. ಗೆರೆ ಗಾಳಿಯಿಲ್ಲದ ದಿನದ ಕೆರೆ ನೀರಿನ ಹಾಗಿದೆ.

ಒಂದು ಸಲ ಬೆಂಗಳೂರಿಗೆ ಮಗಳ ಮನೆಗೆ ಹೋದವರು ಅಲ್ಲೇ ಪಕ್ಕದ ಲ್ಯಾಬಿನಲ್ಲಿ ರಕ್ತ ಕೊಟ್ಟರು. 4.1 ಬಂತು. ರಿಪೋರ್ಟಿನಲ್ಲಿ ಅದು ದಪ್ಪ ಅಕ್ಷರದಲ್ಲಿ ಇರಲಿಲ್ಲ, ನಾರ್ಮಲ್ ಅನ್ನುವ ಗೆರೆ 5, ಅದರ ಒಳಗಿತ್ತಲ್ಲ. ಮಗಳು "ನಾರ್ಮಲ್ ಇದೆ ಅಪ್ಪಾ" ಅಂದಳು. ಮೇಷ್ಟ್ರಿಗೆ ಮಾತ್ರ ಆ ಚುಕ್ಕಿ ಇಡುವಾಗ ಕೈ ನಡುಗಿತಂತೆ. ಹಿಂದಿನದಕ್ಕೆ ಹೆಚ್ಚುಕಮ್ಮಿ ಎರಡರಷ್ಟು. ಅವತ್ತೇ ರಾತ್ರಿ ಬಸ್ಸು ಹತ್ತಿ ಬೆಳಗ್ಗೆ ನಮ್ಮ ಬಾಗಿಲಿಗೆ ಬಂದರು.

ಆ 4.1ಕ್ಕೆ ಆಮೇಲೆ ಬರುತ್ತೇನೆ. ಮೊದಲು ಈ ಸಿಇಎ ಎಲ್ಲಿಂದ ಬಂತು ನೋಡೋಣ.

ಪೂರ್ತಿ ಹೆಸರು ಕಾರ್ಸಿನೋಎಂಬ್ರಿಯಾನಿಕ್ ಆಂಟಿಜೆನ್. ಹೆಸರಲ್ಲೇ ಅರ್ಧ ಕಥೆ ಇದೆ. ಕ್ಯಾನ್ಸರಿನಲ್ಲೂ ಇದೆ, ಭ್ರೂಣದಲ್ಲೂ ಇದೆ. 1965ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ, ಮೆಕ್‌ಗಿಲ್ ವಿಶ್ವವಿದ್ಯಾಲಯದ ಫಿಲ್ ಗೋಲ್ಡ್ ಮತ್ತು ಸ್ಯಾಮ್ಯುಯೆಲ್ ಫ್ರೀಡ್‌ಮನ್ ಇದನ್ನು ಜಗತ್ತಿಗೆ ತೋರಿಸಿದರು. ಅವರು ಹೂಡಿದ ಉಪಾಯ ನನಗೆ ಈಗಲೂ ಬಹಳ ಇಷ್ಟ. ಒಬ್ಬರ ಗಡ್ಡೆಯನ್ನು ಇನ್ನೊಬ್ಬರ ಒಳ್ಳೆಯ ಕರುಳಿನ ಪಕ್ಕ ಇಟ್ಟು ನೋಡಿದರೆ, ಕಾಣುವ ವ್ಯತ್ಯಾಸ ಕ್ಯಾನ್ಸರಿನದೋ ಅಥವಾ ಇಬ್ಬರ ಮೈ ಬೇರೆ ಬೇರೆ ಆಗಿರುವುದರಿಂದಲೋ ಗೊತ್ತಾಗುವುದಿಲ್ಲ. ಆದರೆ ಕರುಳಿನ ಆಪರೇಷನ್ನಿನಲ್ಲಿ ಗಡ್ಡೆಯ ಆಚೀಚೆ ಒಂದಷ್ಟು ಒಳ್ಳೆಯ ಕರುಳನ್ನೂ ಕತ್ತರಿಸಿ ತೆಗೆಯುತ್ತಾರೆ. ಹಾಗಾಗಿ ಒಂದೇ ಮೈಯಿಂದ ಎರಡೂ ಸಿಕ್ಕವು. ಗಡ್ಡೆಯ ಸಾರವನ್ನು ಮೊಲಗಳಿಗೆ ಚುಚ್ಚಿದರು. ಮೊಲಗಳು ಅದರ ವಿರುದ್ಧ ಪ್ರತಿಕಾಯ, ಅಂದರೆ ಅದಕ್ಕೆ ಹೋಗಿ ಅಂಟುವ ಪ್ರೋಟೀನು, ತಯಾರಿಸಿದವು. ಅವುಗಳಲ್ಲಿ ಒಳ್ಳೆಯ ಕರುಳಿಗೂ ಅಂಟುವಂಥವನ್ನು ಸೋಸಿ ತೆಗೆದರು. ಗಡ್ಡೆಗೆ ಮಾತ್ರ ಅಂಟುವಂಥದ್ದು ಉಳಿಯಿತು. ಅದೇ ವಸ್ತು ಗರ್ಭದಲ್ಲಿರುವ ಮಗುವಿನ ಕರುಳಿನಲ್ಲೂ ಸಿಕ್ಕಿತು.

ಆಗ ಎಲ್ಲರಿಗೂ ಭಾರೀ ಆಸೆ. ಊರಿನವರೆಲ್ಲರ ರಕ್ತ ನೋಡಿ ಕರುಳಿನ ಕ್ಯಾನ್ಸರ್ ಹಿಡಿದುಬಿಡಬಹುದು ಅಂತ. ಅದು ಆಗಲಿಲ್ಲ. ಪರೀಕ್ಷೆ ಸೂಕ್ಷ್ಮವಾದ ಹಾಗೆಲ್ಲ ಸಿಇಎ ಎಲ್ಲರ ರಕ್ತದಲ್ಲೂ ಚೂರುಪಾರು ಇದೆ ಅಂತ ತಿಳಿಯಿತು. ಬೀಡಿ ಸಿಗರೇಟು ಸೇದುವವರಲ್ಲಿ ಜಾಸ್ತಿ. ಲಿವರ್ ಕೆಟ್ಟವರಲ್ಲಿ ಜಾಸ್ತಿ, ಯಾಕೆಂದರೆ ರಕ್ತದಿಂದ ಅದನ್ನು ತೆಗೆದುಹಾಕುವುದೇ ಲಿವರ್. ಕರುಳಿನ ಉರಿಯೂತ, ಮೇದೋಜ್ಜೀರಕದ ಊತ, ಇವೆಲ್ಲ ಇದ್ದರೂ ಏರುತ್ತದೆ. ಇನ್ನೊಂದು ಕಡೆ, ಕರುಳಿನ ಕ್ಯಾನ್ಸರ್ ಶುರುವಿನಲ್ಲಿರುವ ಎಷ್ಟೋ ಜನರಲ್ಲಿ ಏರುವುದೇ ಇಲ್ಲ. ಇಷ್ಟಾದರೂ ಈಗಿನ ಫುಲ್ ಬಾಡಿ ಚೆಕಪ್ ಪ್ಯಾಕೇಜುಗಳಲ್ಲಿ ಆರೋಗ್ಯವಾಗಿರುವವರಿಗೂ ಸುಮ್ನೆ ಸಿಇಎ ಸೇರಿಸಿರುತ್ತಾರೆ. ಲ್ಯಾಬ್‌ನವನಾಗಿ ಹೇಳುತ್ತಿದ್ದೇನೆ, ಆ ಒಂದು ಸಾಲಿಗೆ ದುಡ್ಡು ಕೊಡಬೇಡಿ.

ಹಾಗಾದರೆ ಸಿಇಎ ಯಾತಕ್ಕೆ? ಕ್ಯಾನ್ಸರ್ ಬಂದು ಹೋದವರನ್ನು ಕಾಯಲಿಕ್ಕೆ. ಕರುಳಿನ ಒಳಗೋಡೆಯ ಜೀವಕೋಶಗಳು ಈ ಪ್ರೋಟೀನನ್ನು ಒಳಮುಖಕ್ಕೆ, ಅಂದರೆ ಮಲ ಸಾಗುವ ಕಡೆಗೆ ಮೆತ್ತಿಕೊಂಡಿರುತ್ತವೆ. ಅದು ಉದುರಿ ಮಲದ ಜೊತೆ ಹೋಗುತ್ತದೆ, ಯಾರಿಗೂ ತೊಂದರೆ ಇಲ್ಲ. ಕ್ಯಾನ್ಸರ್ ಕೋಶಕ್ಕೆ ಒಳಗು ಹೊರಗು ಗೊತ್ತಿಲ್ಲ. ಎಲ್ಲ ಕಡೆಯಿಂದಲೂ ಉದುರಿಸುತ್ತದೆ, ಅದು ರಕ್ತಕ್ಕೆ ಸೇರುತ್ತದೆ. ಗಡ್ಡೆ ತೆಗೆದ ಮೇಲೆ ನಾಲ್ಕರಿಂದ ಆರು ವಾರದಲ್ಲಿ ಸಿಇಎ ಕೆಳಗೆ ಬಂದು ಕೂರಬೇಕು. ಕೂತದ್ದು ಮತ್ತೆ ಎದ್ದರೆ ಎಲ್ಲೋ ಯಾರೋ ಮತ್ತೆ ತಯಾರಿಸುತ್ತಿದ್ದಾರೆ ಅಂತ ಅನುಮಾನ. ಬಹಳ ಸಲ ಆ "ಎಲ್ಲೋ" ಅನ್ನುವುದು ಲಿವರ್. ಕರುಳಿನ ರಕ್ತವೆಲ್ಲ ಮೊದಲು ಲಿವರಿಗೇ ಹೋಗುವುದು, ಹಾಗಾಗಿ ತಪ್ಪಿಸಿಕೊಂಡ ಕೋಶಗಳಿಗೆ ಮೊದಲ ನಿಲ್ದಾಣ ಅದು. ಲಿವರಿನಲ್ಲಿ ಒಂದೆರಡೇ ಚುಕ್ಕೆ ಇದ್ದಾಗ ಸಿಕ್ಕರೆ ಕತ್ತರಿಸಿ ತೆಗೆಯಬಹುದು. ಆ ಮೇಲೂ ವರ್ಷಾನುಗಟ್ಟಲೆ ಚೆನ್ನಾಗಿರುವವರಿದ್ದಾರೆ. ಸಿಇಎ ನೋಡುವುದರ ಹಿಂದಿನ ದೊಡ್ಡ ಆಸೆ ಇದೇ.

ಮರಳಿ ಬರುವುದಿದ್ದರೆ ಹೆಚ್ಚಿನಂಶ ಮೊದಲ ಮೂರು ವರ್ಷದೊಳಗೆ ಬರುತ್ತದೆ. ಅದಕ್ಕೇ ಮೊದಲ ಎರಡು ಮೂರು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ, ಆಮೇಲೆ ಐದು ವರ್ಷದ ತನಕ ಆರು ತಿಂಗಳಿಗೊಮ್ಮೆ ರಕ್ತ ಕೊಡಿ ಅಂತ ವೈದ್ಯರು ಹೇಳುವುದು. ಜೊತೆಗೆ ಸಿಟಿ ಸ್ಕ್ಯಾನ್, ಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡುವ ಕೊಲೊನೊಸ್ಕೋಪಿ ಬೇರೆ.

ಈಗ ಮೇಷ್ಟ್ರ 4.1. ನಾನು ಮಾಡಿದ್ದು ಇಷ್ಟೇ. ಅದೇ ದಿನ ನಮ್ಮ ಮಷೀನಿನಲ್ಲಿ ಮತ್ತೆ ನೋಡಿದೆ. 2.4 ಬಂತು. ಹಾಗಂತ ಬೆಂಗಳೂರಿನ ಲ್ಯಾಬಿನವರು ತಪ್ಪು ಮಾಡಿದ್ದಾರೆ ಅಂತಲ್ಲ. ಅವರ ಮಷೀನು ಒಂದು ಕಂಪನಿಯದು, ನಮ್ಮದು ಇನ್ನೊಂದು ಕಂಪನಿಯದು. ಸಿಇಎ ಹಿಡಿಯಲು ಎರಡು ಪ್ರತಿಕಾಯ ಹಾಕುತ್ತೇವೆ. ಒಂದು ಹಿಡಿಯುತ್ತದೆ, ಇನ್ನೊಂದು ಬೆಳಕು ಕೊಡುತ್ತದೆ. ಒಂದೊಂದು ಕಂಪನಿಯ ಪ್ರತಿಕಾಯ ಆ ಪ್ರೋಟೀನಿನ ಬೇರೆ ಬೇರೆ ಜಾಗಕ್ಕೆ ಅಂಟುತ್ತದೆ. ಹಾಗಾಗಿ ಒಂದೇ ರಕ್ತಕ್ಕೆ ಎರಡು ಸಂಖ್ಯೆ ಬರಬಹುದು. ಮನೆಗೆ ಹೋದ ಮೇಲೆ ನಿಮ್ಮ ರಿಪೋರ್ಟ್ ತೆಗೆದು ನೋಡಿ. ಸಿಇಎ ಅಂತ ಬರೆದಿರುವುದರ ಕೆಳಗೆ ಸಣ್ಣ ಅಕ್ಷರದಲ್ಲಿ ವಿಧಾನ ಅಂತ ಇರುತ್ತದೆ, ಸಿಎಲ್‌ಐಎ, ಇಸಿಎಲ್‌ಐಎ, ಹೀಗೆ ಏನಾದರೂ. ಎರಡು ರಿಪೋರ್ಟಿನಲ್ಲಿ ಅದು ಬೇರೆ ಬೇರೆ ಇದ್ದರೆ ಆ ಎರಡು ಚುಕ್ಕಿಗಳನ್ನು ಒಂದೇ ಗೆರೆಯಲ್ಲಿ ಸೇರಿಸಬಾರದು. ಮೇಷ್ಟ್ರು ಈಗ ಬೆಂಗಳೂರಿನ ಚುಕ್ಕಿಯನ್ನು ಕೆಂಪು ಶಾಯಿಯಲ್ಲಿ ಒಂಟಿಯಾಗಿ ಬಿಟ್ಟಿದ್ದಾರೆ.

ಇನ್ನೊಂದು ಸಣ್ಣ ವಿಷಯ. ಕೀಮೋ ಆದ ಮೇಲೆ ಕೂದಲು ಉದುರುತ್ತದೆ ಅಂತ ಬಯೋಟಿನ್ ಮಾತ್ರೆ ತಿನ್ನುವವರು ಜಾಸ್ತಿ. ಕೆಲವು ಮಷೀನುಗಳ ಒಳಗೆ ನಡೆಯುವ ಕ್ರಿಯೆಯೇ ಬಯೋಟಿನ್ ಮೇಲೆ ನಿಂತಿದೆ. ನಿಮ್ಮ ರಕ್ತದಲ್ಲಿ ಅದು ತುಂಬಾ ಇದ್ದರೆ ಸಿಇಎ ಇರುವುದಕ್ಕಿಂತ ಕಡಿಮೆ ತೋರಿಸಬಹುದು. ರಕ್ತ ಕೊಡುವಾಗ ಆ ಹುಡುಗನಿಗೆ ಹೇಳಿ. ಅವನು ಕೇಳದಿದ್ದರೂ ಹೇಳಿ.

ಇದಕ್ಕೆ ಉಲ್ಟಾ ಇನ್ನೊಬ್ಬರದು ಹೇಳುತ್ತೇನೆ. ಒಬ್ಬ ತಾಯಿಯ ಸಂಖ್ಯೆಗಳು 1.6, 1.9, 2.8, 4.3. ಒಂದೇ ಲ್ಯಾಬು, ಒಂದೇ ಮಷೀನು. ನಾಲ್ಕೂ "ನಾರ್ಮಲ್". ಯಾವುದೂ ದಪ್ಪ ಅಕ್ಷರದಲ್ಲಿ ಇರಲಿಲ್ಲ. ಆದರೆ ನಾಲ್ಕನ್ನೂ ಪಕ್ಕಪಕ್ಕ ಇಟ್ಟರೆ ಮೆಟ್ಟಿಲು ಹತ್ತುತ್ತಿವೆ. ಅವರ ವೈದ್ಯರು 5 ದಾಟಲಿ ಅಂತ ಕಾಯಲಿಲ್ಲ, ಸ್ಕ್ಯಾನ್ ಮಾಡಿಸಿದರು. ಲಿವರಿನಲ್ಲಿ ಒಂದೇ ಒಂದು ಚುಕ್ಕೆ. ತೆಗೆದರು. ರಿಪೋರ್ಟಿನ ದಪ್ಪ ಅಕ್ಷರ ನೋಡಿ ಬದುಕುವ ಅಭ್ಯಾಸ ನಮಗೆಲ್ಲ ಇದೆ, ಅಲ್ವಾ? ಇಲ್ಲಿ ಅದು ಸಾಲದು.

ಸ್ವಲ್ಪ ಲೆಕ್ಕ ಮಾಡೋಣ, ಮೇಷ್ಟ್ರಿಗೂ ಖುಷಿಯಾಗಲಿ. 2015ರಲ್ಲಿ ಕಾಕ್ರೇನ್ ಸಂಸ್ಥೆಯವರು ಅಲ್ಲಿಯ ತನಕ ಬಂದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದರು. 5 ಅನ್ನುವ ಗೆರೆ ಇಟ್ಟುಕೊಂಡರೆ, ಕಾಯಿಲೆ ಮರಳಿದ 100 ಜನರಲ್ಲಿ 71 ಮಂದಿ ಸಿಕ್ಕುತ್ತಾರೆ. ಮರಳದ 100 ಜನರಲ್ಲಿ 88 ಮಂದಿಗೆ ಸರಿಯಾಗಿ "ಏನೂ ಇಲ್ಲ" ಅಂತ ಬರುತ್ತದೆ. ಕೇಳಲು ಪರವಾಗಿಲ್ಲ ಅನ್ನಿಸುತ್ತದೆ. ಈಗ 1000 ಜನ ಒಂದೇ ದಿನ ರಕ್ತ ಕೊಟ್ಟರು ಅಂದುಕೊಳ್ಳಿ. ಅವರಲ್ಲಿ 20 ಜನಕ್ಕೆ ನಿಜವಾಗಿ ಮರಳಿದೆ. 14 ಜನ ಸಿಕ್ಕರು, 6 ಜನ ತಪ್ಪಿದರು. ಉಳಿದ 980 ಜನರಲ್ಲಿ ಸುಮಾರು 118 ಮಂದಿಗೆ ಸುಳ್ಳು ಗಾಬರಿ. ಒಟ್ಟು 132 ಜನಕ್ಕೆ "ಜಾಸ್ತಿ ಇದೆ" ಅಂತ ರಿಪೋರ್ಟ್ ಹೋಗುತ್ತದೆ, ಅದರಲ್ಲಿ ನಿಜ 14. ಅದಕ್ಕೇ ಒಂದು ಸಲ ಏರಿದ ಕೂಡಲೇ ಯಾರೂ ಕೀಮೋ ಶುರು ಮಾಡುವುದಿಲ್ಲ. ಕೆಲವು ವಾರ ಬಿಟ್ಟು ಮತ್ತೆ ನೋಡುತ್ತಾರೆ. ಮತ್ತೂ ಏರಿದ್ದರೆ ಸ್ಕ್ಯಾನ್.

ಇಲ್ಲಿ ಒಬ್ಬರು ಕೈ ಎತ್ತಿ ಕೇಳಿದರು. "ಸಾರ್, ಹಾಗಾದರೆ ತಿಂಗಳಿಗೊಮ್ಮೆ ಮಾಡಿಸಿದರೆ ಒಳ್ಳೆಯದಲ್ವಾ?"

ಒಳ್ಳೆಯ ಪ್ರಶ್ನೆ. ತಿಂಗಳಿಗೊಮ್ಮೆ ಅಲ್ಲದಿದ್ದರೂ, ಆಗಾಗ ನೋಡಿದರೆ ಏನಾಗುತ್ತದೆ ಅಂತ ಬ್ರಿಟನ್‌ನಲ್ಲಿ ಪರೀಕ್ಷೆ ಮಾಡಿದರು. ಫ್ಯಾಕ್ಸ್ ಅಂತ ಆ ಅಧ್ಯಯನದ ಹೆಸರು, 2014ರಲ್ಲಿ ಪ್ರಕಟವಾಯಿತು. 39 ಆಸ್ಪತ್ರೆಗಳ 1202 ಜನ. ಕೆಲವರಿಗೆ ಆಗಾಗ ಸಿಇಎ, ಕೆಲವರಿಗೆ ಆಗಾಗ ಸಿಟಿ ಸ್ಕ್ಯಾನ್, ಕೆಲವರಿಗೆ ಎರಡೂ. ಉಳಿದವರನ್ನು, ಲಕ್ಷಣ ಕಂಡರೆ ಬನ್ನಿ ಅಂತ ಹೆಚ್ಚುಕಡಿಮೆ ಹಾಗೇ ಬಿಟ್ಟರು. ಮರಳಿದ ಗಡ್ಡೆಯನ್ನು ಗುಣವಾಗಲಿ ಅಂತ ಆಪರೇಷನ್ ಮಾಡುವ ಹಂತದಲ್ಲೇ ಹಿಡಿಯಲು ಆದದ್ದು, ಹಾಗೇ ಬಿಟ್ಟವರಲ್ಲಿ 2.3%. ಸಿಇಎ ಗುಂಪಿನಲ್ಲಿ 6.7%, ಸಿಟಿ ಗುಂಪಿನಲ್ಲಿ 8%. ಎರಡೂ ಸೇರಿಸಿದ ಗುಂಪಿನಲ್ಲಿ 6.6%, ಅಂದರೆ ಎರಡನ್ನೂ ಸೇರಿಸಿದರೂ ಹೆಚ್ಚಿನ ಲಾಭ ಆಗಲಿಲ್ಲ. ಇನ್ನೂ ಮುಖ್ಯವಾದದ್ದು, ಗುಂಪು ಗುಂಪಿಗೆ ಸಾವಿನ ಲೆಕ್ಕದಲ್ಲಿ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. 2018ರಲ್ಲಿ ಸ್ವೀಡನ್, ಡೆನ್ಮಾರ್ಕ್, ಉರುಗ್ವೆಯ 2509 ಜನರ ಮೇಲೆ ನಡೆದ ಕೊಲೊಫಾಲ್ ಅಧ್ಯಯನದಲ್ಲೂ ಅಷ್ಟೇ. ಪದೇ ಪದೇ ನೋಡಿದವರಿಗೂ ಕಡಿಮೆ ಸಲ ನೋಡಿದವರಿಗೂ ಐದು ವರ್ಷದ ಸಾವಿನ ಪ್ರಮಾಣ ಹೆಚ್ಚುಕಡಿಮೆ ಒಂದೇ.

ಹಾಗಂತ ಸಿಇಎ ಬೇಡ ಅಂತ ನಾನು ಹೇಳುತ್ತಿಲ್ಲ. ಕೆಲವೇ ನೂರು ರೂಪಾಯಿಯ ಪರೀಕ್ಷೆ, ತಾಲ್ಲೂಕು ಕೇಂದ್ರದಲ್ಲೂ ರಕ್ತ ಕೊಡಬಹುದು. ನನ್ನ ಮಾತು ಇಷ್ಟು. ಬೇಗ ಗೊತ್ತಾಗುವುದು ಒಂದು, ಬೇಗ ಗೊತ್ತಾಗಿ ಅದರಿಂದ ಏನಾದರೂ ಆಗುವುದು ಇನ್ನೊಂದು. ಎರಡರ ನಡುವೆ ಒಂದು ಹೊಳೆ ಇದೆ. ಈಗ ಹೇಳಲಿರುವ ಹೊಸ ಪರೀಕ್ಷೆಯೂ ಅದೇ ಹೊಳೆಯ ದಡಕ್ಕೆ ಬಂದು ನಿಂತಿದೆ.

ಅದರ ಹೆಸರು ಸಿಟಿಡಿಎನ್‌ಎ. ರಕ್ತದಲ್ಲಿ ತೇಲುವ, ಗಡ್ಡೆಯಿಂದ ಬಂದ ಡಿಎನ್‌ಎ ಚೂರು. ಸತ್ತ ಜೀವಕೋಶಗಳ ಡಿಎನ್‌ಎ ಎಲ್ಲರ ರಕ್ತದಲ್ಲೂ ತೇಲುತ್ತಿರುತ್ತದೆ. ಇದನ್ನು 1948ರಲ್ಲೇ ಫ್ರಾನ್ಸಿನ ಮಾಂಡೆಲ್ ಮತ್ತು ಮೇತೆ ಎಂಬಿಬ್ಬರು ಬರೆದಿದ್ದರು. ಡಿಎನ್‌ಎ ಎರಡೆಳೆಯ ಏಣಿ ಅಂತ ಗೊತ್ತಾಗುವುದಕ್ಕೂ ಐದು ವರ್ಷ ಮುಂಚೆ! ಆಗ ಯಾರೂ ತಲೆಕೆಡಿಸಿಕೊಳ್ಳಲಿಲ್ಲ. ಈಗ ಗರ್ಭಿಣಿಯರಿಗೆ ಎನ್‌ಐಪಿಟಿ ಅಂತ ರಕ್ತ ಪರೀಕ್ಷೆ ಮಾಡುತ್ತಾರಲ್ಲ, ಅದೂ ಇದೇ ಚೂರುಗಳನ್ನು ನೋಡುವುದು. ತಾಯಿಯ ರಕ್ತದಲ್ಲಿ ಮಗುವಿನ ಕಡೆಯ ಡಿಎನ್‌ಎ. ನಮ್ಮದು ಅದರ ದಾಯಾದಿ.

ಕಷ್ಟ ಏನೆಂದರೆ ಪ್ರಮಾಣ. ಆಪರೇಷನ್ ಆದ ಮೇಲೆ ಎಲ್ಲೋ ಒಂದಿಷ್ಟು ಕೋಶ ಉಳಿದಿದ್ದರೆ, ತೇಲುವ ಹತ್ತು ಸಾವಿರ ಚೂರಿನಲ್ಲಿ ಗಡ್ಡೆಯದು ಒಂದು ಇರಬಹುದು, ಅದೂ ಇಲ್ಲದಿರಬಹುದು. ರಾಗಿ ರಾಶಿಯಲ್ಲಿ ಒಂದು ಸಾಸಿವೆ ಹುಡುಕಿದ ಹಾಗೆ. ಅದಕ್ಕೆ ಒಂದು ದಾರಿ ಮಾಡಿದ್ದಾರೆ. ಕತ್ತರಿಸಿ ತೆಗೆದ ಗಡ್ಡೆಯ ಡಿಎನ್‌ಎಯನ್ನೇ ಮೊದಲು ಓದುತ್ತಾರೆ. ಅದರಲ್ಲಿ ಯಾವ ಯಾವ ಅಕ್ಷರ ತಪ್ಪಿದೆ ಅಂತ ಪಟ್ಟಿ ಮಾಡುತ್ತಾರೆ. ಆಮೇಲೆ ಅದೇ ರೋಗಿಯ ರಕ್ತದಲ್ಲಿ ಅದೇ ತಪ್ಪುಗಳನ್ನು ಹುಡುಕುತ್ತಾರೆ. ಒಂದು ವಿಧಾನದಲ್ಲಿ ಹೀಗೆ 16 ತಪ್ಪುಗಳನ್ನು ಆರಿಸಿಕೊಳ್ಳುತ್ತಾರೆ. ಒಂದನ್ನೇ ಹುಡುಕಿದರೆ ನೀವು ತೆಗೆದ ಹಿಡಿ ರಾಗಿಯಲ್ಲಿ ಅದು ಬರದೇ ಹೋಗಬಹುದು. ಹದಿನಾರಾದರೆ ಯಾವುದಾದರೂ ಒಂದೆರಡು ಕೈಗೆ ಹತ್ತುತ್ತದೆ.

ಟ್ಯೂಬಿನ ವಿಷಯ ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ಸಿಇಎಗೆ ಹಳದಿ ಅಥವಾ ಕೆಂಪು ಮುಚ್ಚಳದ ಸಾದಾ ಟ್ಯೂಬು ಸಾಕು. ಇದಕ್ಕೆ ಸಾಲದು. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ತೆಗೆದರೆ ಕೆಲವೇ ಗಂಟೆಯೊಳಗೆ ತಿರುಗಿಸಿ ಪ್ಲಾಸ್ಮಾ ಬೇರೆ ಮಾಡಬೇಕು. ಇಲ್ಲದಿದ್ದರೆ ಬಿಳಿ ರಕ್ತಕಣಗಳು ಒಡೆದು ತಮ್ಮ ಡಿಎನ್‌ಎಯನ್ನೆಲ್ಲ ಸುರಿದುಬಿಡುತ್ತವೆ. ನೀವು ಹುಡುಕುವ ಸಾಸಿವೆಯ ಮೇಲೆ ಇನ್ನೂ ಹತ್ತು ಮೂಟೆ ರಾಗಿ ಬಿದ್ದ ಹಾಗೆ. ಅದಕ್ಕೆ ಕಣಗಳನ್ನು ಒಡೆಯದಂತೆ ಹಿಡಿದಿಡುವ ಬೇರೆ ಟ್ಯೂಬು ಬಂದಿವೆ. ಹುಬ್ಬಳ್ಳಿಯಲ್ಲಿ ತೆಗೆದ ರಕ್ತ ಕೊರಿಯರ್‌ನಲ್ಲಿ ಬೆಂಗಳೂರಿಗೆ ಬರುವಷ್ಟರಲ್ಲಿ ಕೆಡುವುದಿಲ್ಲ. ಆಪರೇಷನ್ ಆದ ಕೂಡಲೇ ರಕ್ತ ತೆಗೆಯುವುದೂ ಸರಿಯಲ್ಲ. ಗಾಯ ಮಾಯುವಾಗ ಮೈಯ ಸ್ವಂತ ಡಿಎನ್‌ಎಯೇ ರಕ್ತಕ್ಕೆ ಜಾಸ್ತಿ ಬರುತ್ತದೆ. ಸುಮಾರು ನಾಲ್ಕು ವಾರ ಕಾಯುತ್ತಾರೆ.

ಈ ಪರೀಕ್ಷೆಯ ಒಂದು ಗುಣ ನನಗೆ ಇಷ್ಟ. ಸಿಇಎ ಅರ್ಧಕ್ಕೆ ಇಳಿಯಲು ದಿನಗಳು ಬೇಕು. ಡಿಎನ್‌ಎ ಚೂರು ಸುಮಾರು ಎರಡು ಗಂಟೆಯಲ್ಲಿ ಅರ್ಧವಾಗುತ್ತದೆ. ಹಾಗಾಗಿ ನಾಲ್ಕು ವಾರದ ಮೇಲೂ ಸಿಕ್ಕರೆ ಅದು ಹಳೆಯ ಬಾಕಿ ಇರಲಾರದು. ಇವತ್ತೇ ಯಾರೋ ತಯಾರಿಸುತ್ತಿದ್ದಾರೆ.

ಎಷ್ಟು ನಂಬಬಹುದು? 2016ರಲ್ಲಿ ಆಸ್ಟ್ರೇಲಿಯಾದಿಂದ ಬಂದ ಒಂದು ಅಧ್ಯಯನ ನೋಡಿ. ಎರಡನೇ ಹಂತದ ಕ್ಯಾನ್ಸರ್, ಅಂದರೆ ಕರುಳಿನ ಗೋಡೆ ಕೊರೆದಿದೆ, ದುಗ್ಧಗ್ರಂಥಿಗೆ ಹೋಗಿಲ್ಲ. ಆಪರೇಷನ್ ಆಗಿ ಕೀಮೋ ತೆಗೆದುಕೊಳ್ಳದ 178 ಜನ. 14 ಜನರ ರಕ್ತದಲ್ಲಿ ಚೂರು ಸಿಕ್ಕಿತು, ಅವರಲ್ಲಿ 11 ಮಂದಿಗೆ ಕಾಯಿಲೆ ಮರಳಿತು. ಉಳಿದ 164 ಜನರಲ್ಲಿ ಸಿಗಲಿಲ್ಲ, ಅವರಲ್ಲಿ 16 ಮಂದಿಗೆ ಮರಳಿತು. ಪತ್ರಿಕೆಗಳು ಬರೆಯುವುದು ಮೊದಲನೆಯದನ್ನು. ಹದಿನಾಲ್ಕಕ್ಕೆ ಹನ್ನೊಂದು, ಭಾರೀ. ಆದರೆ ಎಣಿಸಿ ನೋಡಿ, 11ಕ್ಕಿಂತ 16 ದೊಡ್ಡದು. ಮರಳಿದವರಲ್ಲಿ ಹೆಚ್ಚಿನವರು "ಸಿಗಲಿಲ್ಲ" ಅಂತ ರಿಪೋರ್ಟ್ ಪಡೆದವರೇ. "ಸಿಗಲಿಲ್ಲ" ಅಂದರೆ "ಇಲ್ಲ" ಅಂತಲ್ಲ. ಶ್ವಾಸಕೋಶದಲ್ಲಿ, ಹೊಟ್ಟೆಯ ಒಳಪೊರೆಯಲ್ಲಿ ಬೆಳೆಯುವ ಗಡ್ಡೆಗಳು ರಕ್ತಕ್ಕೆ ಚೂರು ಬಿಡುವುದು ಕಡಿಮೆ. ಅವು ಸುಲಭವಾಗಿ ತಪ್ಪಿಸಿಕೊಳ್ಳುತ್ತವೆ.

ಹಾಗಿದ್ದರೂ ಇದರಿಂದ ಒಂದು ಒಳ್ಳೆಯ ಕೆಲಸ ಆಗಿದೆ, ನನ್ನ ಪ್ರಕಾರ ಇದುವರೆಗಿನ ಅತಿ ಒಳ್ಳೆಯ ಕೆಲಸ. ಎರಡನೇ ಹಂತದವರಲ್ಲಿ ಬಹುಪಾಲು ಜನಕ್ಕೆ ಆಪರೇಷನ್ನಿನಲ್ಲೇ ಗುಣವಾಗಿರುತ್ತದೆ. ಕೀಮೋ ಬೇಕಾದವರು ಸ್ವಲ್ಪ ಜನ, ಆದರೆ ಅವರು ಯಾರು ಅಂತ ಗೊತ್ತಿಲ್ಲದೆ ಇನ್ನಷ್ಟು ಜನಕ್ಕೆ ಕೊಡಬೇಕಾಗುತ್ತದೆ. ಆಕ್ಸಾಲಿಪ್ಲಾಟಿನ್ ಅನ್ನುವ ಕೀಮೋ ಮದ್ದು ತೆಗೆದುಕೊಂಡವರು ಇಲ್ಲಿದ್ದರೆ ಅವರಿಗೆ ಗೊತ್ತು. ಬೆಳಗ್ಗೆ ನಲ್ಲಿಯ ತಣ್ಣೀರು ಮುಟ್ಟಿದರೆ ಸೂಜಿ ಚುಚ್ಚಿದ ಹಾಗೆ. ಅಂಗಿಯ ಗುಂಡಿ ಹಾಕಲು ಬೆರಳಿಗೆ ಸ್ಪರ್ಶವೇ ಇರುವುದಿಲ್ಲ. ಕೆಲವರಿಗೆ ಅದು ವರ್ಷಗಟ್ಟಲೆ ಉಳಿಯುತ್ತದೆ.

ಮೆಲ್ಬರ್ನ್‌ನ ವೈದ್ಯರ ತಂಡ ಮುಂದೆ ನಿಂತು ಡೈನಾಮಿಕ್ ಅನ್ನುವ ಪರೀಕ್ಷೆ ಮಾಡಿತು. ಎರಡನೇ ಹಂತದ 455 ಜನ. ಮೂರರಲ್ಲಿ ಎರಡು ಪಾಲು ಜನಕ್ಕೆ ರಕ್ತ ಹೇಳಿದ ಹಾಗೆ. ಆಪರೇಷನ್ ಆಗಿ 4ನೇ ವಾರ, 7ನೇ ವಾರ ನೋಡಿ, ಚೂರು ಸಿಕ್ಕರೆ ಕೀಮೋ, ಸಿಗದಿದ್ದರೆ ಬೇಡ. ಉಳಿದವರಿಗೆ ವೈದ್ಯರು ಯಾವಾಗಿನ ಹಾಗೆ ತೀರ್ಮಾನ ಮಾಡಿದರು. 2022ರಲ್ಲಿ ಫಲಿತಾಂಶ ಬಂತು. ರಕ್ತ ನೋಡಿದ ಗುಂಪಿನಲ್ಲಿ ಕೀಮೋ ಪಡೆದವರು 15%, ಇನ್ನೊಂದರಲ್ಲಿ 28%. ಎರಡು ವರ್ಷ ಕಾಯಿಲೆ ಮರಳದೆ ಇದ್ದವರು 93.5% ಮತ್ತು 92.4%. ಅಂದರೆ ಕೀಮೋ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯಿತು, ನಷ್ಟ ಆಗಲಿಲ್ಲ. ಭವಿಷ್ಯ ಹೇಳುವ ಪರೀಕ್ಷೆ ಅಂತ ನಾವು ಎದುರು ನೋಡಿದ್ದು, ಕೆಲಸಕ್ಕೆ ಬಂದದ್ದು "ನಿಮಗೆ ಇದು ಬೇಡ, ಮನೆಗೆ ಹೋಗಿ" ಅನ್ನಲು.

ಈಗ ಹೊಳೆಯ ದಡಕ್ಕೆ ಬರೋಣ. ಡೆನ್ಮಾರ್ಕಿನವರು 2019ರಲ್ಲಿ ತೋರಿಸಿದರು, ಸ್ಕ್ಯಾನಿನಲ್ಲಿ ಕಾಣುವುದಕ್ಕಿಂತ ಸರಾಸರಿ ಎಂಟೂವರೆ ತಿಂಗಳಿಗೂ ಮುಂಚೆ ರಕ್ತದಲ್ಲಿ ಚೂರು ಸಿಕ್ಕುತ್ತದೆ ಅಂತ. ಒಬ್ಬರಲ್ಲಂತೂ 16 ತಿಂಗಳಿಗೂ ಮುಂಚೆ. ಅದ್ಭುತವೇ. ಆದರೆ ಆ ಎಂಟು ತಿಂಗಳು ಏನು ಮಾಡುವುದು? ಸ್ಕ್ಯಾನಿನಲ್ಲಿ ಏನೂ ಕಾಣುತ್ತಿಲ್ಲ, ಕತ್ತರಿಸಲು ಜಾಗ ಗೊತ್ತಿಲ್ಲ. ಜಪಾನಿನವರು ಆಲ್ಟೇರ್ ಅನ್ನುವ ಪರೀಕ್ಷೆಯಲ್ಲಿ ಇಂಥವರಿಗೇ ಒಂದು ಕೀಮೋ ಮಾತ್ರೆ ಕೊಟ್ಟು ನೋಡಿದರು. ಕಾಯಿಲೆ ಕಾಣಿಸಿಕೊಳ್ಳದೆ ಇದ್ದ ಕಾಲ 9 ತಿಂಗಳ ಆಸುಪಾಸು. ಸುಮ್ಮನೆ ಸಕ್ಕರೆ ಮಾತ್ರೆಯಂಥದ್ದು ಪಡೆದವರಲ್ಲಿ ಐದೂವರೆ ತಿಂಗಳು. ಸ್ವಲ್ಪ ಆಸೆ ಹುಟ್ಟಿಸುತ್ತದೆ, ಆದರೆ ಲೆಕ್ಕದ ಪ್ರಕಾರ ಆ ವ್ಯತ್ಯಾಸ ಖಚಿತ ಅನ್ನುವಷ್ಟು ಇರಲಿಲ್ಲ. ಮೂರನೇ ಹಂತದವರ ಮೇಲೆ ಆಸ್ಟ್ರೇಲಿಯಾದವರು ಮುಂದೆ ಮಾಡಿದ ಡೈನಾಮಿಕ್-3ರಲ್ಲಿ, ಚೂರು ಸಿಕ್ಕವರಿಗೆ ಕೀಮೋ ಜೋರು ಮಾಡಿದರೂ ಮರಳುವುದು ಕಡಿಮೆಯಾಗಲಿಲ್ಲ. ಸುದ್ದಿ ಬೇಗ ಬಂದಿದೆ. ಮದ್ದು ಇನ್ನೂ ದಾರಿಯಲ್ಲಿದೆ.

ಮುಂದಿನ ಸಾಲಿನ ಒಬ್ಬ ತಾಯಿ ನೇರವಾಗಿ ಕೇಳಿದರು. "ನಿಮ್ಮ ಮನೆಯವರಿಗೇ ಆಗಿದ್ದರೆ ಇದನ್ನು ಮಾಡಿಸುತ್ತಿದ್ರಾ?"

ಎರಡನೇ ಹಂತವಾಗಿದ್ದು, ಕೀಮೋ ಬೇಕೋ ಬೇಡವೋ ಅಂತ ವೈದ್ಯರೇ ತೂಗಿ ನೋಡುತ್ತಿದ್ದರೆ, ಕೈಯಲ್ಲಿ ದುಡ್ಡೂ ಇದ್ದರೆ, ಮಾಡಿಸುತ್ತಿದ್ದೆ ಅಮ್ಮ. ಆದರೆ ಮೂರು ತಿಂಗಳಿಗೊಮ್ಮೆ ಹತ್ತಾರು ಸಾವಿರ ಸುರಿದು, ಸಿಕ್ಕರೆ ಏನು ಮಾಡುತ್ತೇವೆ ಅಂತಲೇ ತೀರ್ಮಾನ ಮಾಡದೆ, ಸುಮ್ನೆ ತಿಳಿದುಕೊಳ್ಳಲು ಮಾಡಿಸುತ್ತಿರಲಿಲ್ಲ. ರಕ್ತ ಕೊಡುವ ಮುಂಚೆ ವೈದ್ಯರನ್ನು ಇದೊಂದು ಕೇಳಿ. "ಪಾಸಿಟಿವ್ ಬಂದರೆ ನೀವು ಏನು ಮಾಡುತ್ತೀರಿ? ನೆಗೆಟಿವ್ ಬಂದರೆ ಏನು ಬಿಡುತ್ತೀರಿ?" ಎರಡಕ್ಕೂ ಒಂದೇ ಉತ್ತರವಾದರೆ ಆ ದುಡ್ಡಿನಲ್ಲಿ ಸ್ಕ್ಯಾನನ್ನು ಹೊತ್ತಿಗೆ ಸರಿಯಾಗಿ ಮಾಡಿಸಿ.

ಕೊನೆಗೆ ಮೇಷ್ಟ್ರು ಎದ್ದು ನಿಂತರು. ಅವರದು ಬರುವ ಶ್ರಾವಣಕ್ಕೆ ಐದು ವರ್ಷ. "ಗ್ರಾಫ್ ನಿಲ್ಲಿಸಬಹುದೇ?" ಅಂದರು.

ವೈದ್ಯರು ಹೂಂ ಅಂದರೆ ಸಿಇಎ ನಿಲ್ಲಿಸಬಹುದು ಮೇಷ್ಟ್ರೇ, ಅಂದೆ. ಕೊಲೊನೊಸ್ಕೋಪಿ ನಿಲ್ಲಿಸಬೇಡಿ. ಉಳಿದ ಕರುಳಿನಲ್ಲಿ ಹೊಸ ಪಾಲಿಪ್, ಅಂದರೆ ಮುಂದೆ ಕ್ಯಾನ್ಸರ್ ಆಗಬಹುದಾದ ಸಣ್ಣ ಗಂಟು, ಹುಟ್ಟಬಹುದು, ಅದನ್ನು ಯಾವ ರಕ್ತ ಪರೀಕ್ಷೆಯೂ ನಂಬುವ ಹಾಗೆ ಹೇಳುವುದಿಲ್ಲ. ಹಿಂದಿನ ಸಲ ಏನೂ ಸಿಗದಿದ್ದರೆ ಸಾಮಾನ್ಯವಾಗಿ ಐದು ವರ್ಷಕ್ಕೊಮ್ಮೆ ಸಾಕು ಅನ್ನುತ್ತಾರೆ.

"ಪರೀಕ್ಷೆ ಕಷ್ಟ ಇಲ್ಲ, ಹಿಂದಿನ ರಾತ್ರಿ ಆ ಹೊಟ್ಟೆ ತೊಳೆಯುವ ನೀರು ಕುಡಿಸುತ್ತಾರಲ್ಲ, ಅದಕ್ಕೇನಾದರೂ ಮಾಡಿ" ಅಂದರು. ಅದು ನನ್ನ ಇಲಾಖೆ ಅಲ್ಲ ಅಂತ ಕೈ ಮುಗಿದೆ.